ವಿಸಿಲ್ ಕೇಳದ ಭಾನುವಾರ

“ಅವ ಓಡಿದ.”

ಮಡಂತ್ಯಾರಿನ ಹಾಲ್‌ನಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೇನು ಅನ್ನ ಬೀಳಬೇಕು, ಅಷ್ಟರಲ್ಲಿ ಈ ವಾಟ್ಸಾಪ್ ಮೆಸೇಜ್. ಕಳಿಸಿದ್ದು ದೋಹಾದಲ್ಲಿ ಕೆಲಸದಲ್ಲಿರುವ ನನ್ನ ಗಂಡ. ಹಿಂದೆಯೇ ಒಂದು ಫೋಟೋ ಬಂತು. ಸಿದ್ಧಕಟ್ಟೆಯಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ಕ್ಯಾಮೆರಾದಿಂದ ತೆಗೆದದ್ದು. ಸೆಕ್ಯುರಿಟಿಯವನ ಪ್ಲಾಸ್ಟಿಕ್ ಕುರ್ಚಿ ಖಾಲಿ. ಗೋಡೆಯ ಮೊಳೆಯಲ್ಲಿ ಅವನ ನೀಲಿ ಯೂನಿಫಾರ್ಮ್ ಶರ್ಟು, ಅದರ ಮೇಲೆ ಅವನ ವಿಸಿಲ್.

ಯೂನಿಫಾರ್ಮ್ ಕಳಚಿಟ್ಟು ಹೋದವನು ಮತ್ತೆ ಬರುತ್ತಾನೆಯೇ? ನೀವಾದರೂ ಏನೆಂದುಕೊಳ್ಳುತ್ತಿದ್ದಿರಿ?

ಎಲೆಯ ಮುಂದಿನಿಂದಲೇ ಅವನಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಏಜೆನ್ಸಿಗೆ ಮಾಡಿದೆ. “ಉತ್ತರದ ಕಡೆಯಿಂದ ಬಂದವರದ್ದು ಹಾಗೇ ಮೇಡಂ, ಹೇಳದೆ ಹೋಗ್ತಾರೆ. ನಾಳೆ ಬೇರೆ ಜನ ಕಳಿಸ್ತೇವೆ,” ಎಂದರು ಸೂಪರ್‌ವೈಸರ್. ಅಷ್ಟರಲ್ಲಿ ದೋಹಾದಿಂದ ಎರಡನೇ ಮೆಸೇಜ್: “ಸಿಮೆಂಟ್ ಶೆಡ್ಡಿನ ಬೀಗ ಸರಿ ಉಂಟು. ಏನೂ ಹೋಗ್ಲಿಲ್ಲ.”

ಏನೂ ಹೋಗಿಲ್ಲವಲ್ಲ! ನಾನು ನೆಮ್ಮದಿಯಾಗಿ ಊಟ ಮಾಡಿದೆ. ಪಾಯಸ ಎರಡನೇ ಸಲ ಹಾಕಿಸಿಕೊಂಡೆ. ಆ ಪಾಯಸವನ್ನು ನಾನು ಇನ್ನೂ ಮರೆತಿಲ್ಲ.

ಇರಲಿ, ಮೊದಲು ಈ ಸೆಕ್ಯುರಿಟಿ ಬಂದ ಕಥೆ ಹೇಳುತ್ತೇನೆ.

ನಾನಿರುವುದು ಮೂಡುಬಿದಿರೆಯ ಬಾಡಿಗೆ ಮನೆಯಲ್ಲಿ. ಸೈಟಿಗೆ ಹೋಗುವುದು ಬ್ಯಾಂಕ್ ಕೆಲಸ ಮುಗಿದ ಮೇಲೆ, ಅದೂ ಬಸ್ಸು ಸಿಕ್ಕಿದರೆ. ಹೀಗಿರುವಾಗ ವಾಮದಪದವಿನ ಕಡೆ ಒಬ್ಬರ ಸೈಟಿನಿಂದ ಕಬ್ಬಿಣದ ಸರಳು, ಪಂಪು, ವಯರಿಂಗಿಗೆ ತಂದಿಟ್ಟ ಕೇಬಲ್ ಎಲ್ಲ ಮಾಯವಾದ ಸುದ್ದಿ ಬಂತು. ನನ್ನ ನಿದ್ದೆಯೂ ಅದರ ಜೊತೆಗೇ ಹೋಯಿತು.

ಸಲಹೆಗೇನು ಕೊರತೆ? ಕಂಟ್ರಾಕ್ಟರ್ ಹಳೇ ಪ್ಯಾಂಟಿಗೆ ಬೈಹುಲ್ಲು ತುಂಬಿ, ಮಡಕೆಗೆ ಮೀಸೆ ಬರೆದು ದೃಷ್ಟಿಬೊಂಬೆ ನಿಲ್ಲಿಸಿ, “ಇದು ಸಾಕು ಅಕ್ಕ,” ಎಂದರು. (ದೃಷ್ಟಿಗೆ ಸಾಕಾದೀತು. ಕಳ್ಳನಿಗೆ?) ನಾಯಿ ಸಾಕಿ ಅಂದರು ಒಬ್ಬರು. ಊರಿನವರನ್ನೇ ಯಾರನ್ನಾದರೂ ಕೂರಿಸಿ ಅಂದರು ಇನ್ನೊಬ್ಬರು. ನನ್ನ ಗಂಡ ಅದಕ್ಕೆ ಸುತರಾಂ ಒಪ್ಪಲಿಲ್ಲ. “ಊರಿನವ ಆದ್ರೆ ಬಂದವರೆಲ್ಲ ಅವನಿಗೆ ಭಾವನೋ ಮಾವನೋ ಆಗ್ತಾರೆ. ಯಾರನ್ನು ನಿಲ್ಲಿಸ್ತಾನೆ ಅವ? ಯಾರ ಗುರ್ತವೂ ಇಲ್ಲದವ ಬೇಕು.”

ಮಾತಿನಲ್ಲಿ ಹುರುಳಿತ್ತು. ನಮ್ಮ ಕಡೆ ಕಟ್ಟುತ್ತಿರುವ ಮನೆಯೆಂದರೆ ಅರ್ಧ ಸಾರ್ವಜನಿಕ ಆಸ್ತಿ. ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬರುತ್ತಾರೆ. ಚಪ್ಪಲಿಯಲ್ಲೇ ದೇವರ ಕೋಣೆಯಾಗಬೇಕಾದಲ್ಲಿ ನಿಂತು, “ಈ ಕಿಟಕಿ ಇಲ್ಲಿ ಬೇಡ ಇತ್ತು,” ಎನ್ನುತ್ತಾರೆ. ಎದುರಿನ ಅಂಗಡಿಯ ಹಮೀದಾಕನಂತೂ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದರೆ ಸೀದಾ ನಮ್ಮ ಸೈಟಿಗೆ. ಮೆಟ್ಟಿಲು ಹೊರಗಿನಿಂದಲೇ ಇಡಬೇಕು ಎಂಬುದು ಅವರ ಹಠ. ಹಿಂದಿನ ಮನೆಯ ಲೀಲಕ್ಕನಿಗೆ ನಮ್ಮ ಜಾಗದ ನಡುವಿನಿಂದಲೇ ಹಾಲಿನ ಸೊಸೈಟಿಗೆ ಕಾಲುದಾರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ಯಾನ್ ಹಿಡಿದು ಹಾದು ಹೋಗುತ್ತಾರೆ. ಹೋಗುವಾಗ ಸಿಮೆಂಟಿಗೆ ನೀರು ಸಾಲದೆಂದು ಮೇಸ್ತ್ರಿಗೆ ಎರಡು ಮಾತು.

ಕೊನೆಗೆ ಕ್ಯಾಮೆರಾವೂ ಬಂತು, ಏಜೆನ್ಸಿಯ ಮನುಷ್ಯನೂ ಬಂದ. ಹೆಸರು ಮಂಗಲ್, ಊರು ಜಾರ್ಖಂಡ್. ಕುಡಿಯುತ್ತಾನಾ? ರಾತ್ರಿ ಎಚ್ಚರ ಇರುತ್ತಾನಾ? ಕೇಳಬೇಕಾದ್ದನ್ನೆಲ್ಲ ಕೇಳಿದ್ದೆವು. ತುಳು ಬಾರದು, ಕನ್ನಡ ಬಾರದು, ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ನನ್ನ ಗಂಡನ ಪ್ರಕಾರ ಫಸ್ಟ್ ಕ್ಲಾಸ್.

ಮಂಗಲ್ ವಿಸಿಲ್ ಊದಿದ್ದೇ ಊದಿದ್ದು! ಗೇಟಿನ ಹತ್ತಿರ ನೆರಳು ಕಂಡರೂ ಊದುತ್ತಿದ್ದ. ಹಮೀದಾಕನಿಗೆ ಊದಿದ. ಅವರು ಮುಖ ಚಿಕ್ಕದು ಮಾಡಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನನ್ನ ಸೋದರಮಾವನಿಗೇ ಊದಿದ. (ಅವರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.) ವಾರ ಕಳೆಯುವುದರಲ್ಲಿ ನಮ್ಮ ಸೈಟಿಗೆ ಒಂದು ಕಾಗೆಯೂ ಬರುವುದು ನಿಂತಿತು. ಎಂಥ ಶಿಸ್ತು ಅಂತ ನನಗೆ ಒಳಗೊಳಗೇ ಖುಷಿ.

ಬಗ್ಗದವರು ಲೀಲಕ್ಕ ಒಬ್ಬರೇ. ಇವನು ಊದುತ್ತಾನೆ, ಅವರು ನಡೆಯುತ್ತಾರೆ. “ನಹೀ ಅಮ್ಮಾ, ಉಧರ್ ಸೇ!” ಎಂದು ಇವನು ರಸ್ತೆ ತೋರಿಸುತ್ತಾನೆ. “ನಿನ್ನ ಅಪ್ಪ ಹುಟ್ಟುವ ಮೊದಲೇ ಇಲ್ಲಿ ನಡೆದವಳು ನಾನು,” ಎಂದು ಅವರು ತುಳುವಿನಲ್ಲಿ ಬೈಯುತ್ತಾರೆ. ಒಬ್ಬರದ್ದು ಒಬ್ಬರಿಗೆ ಅರ್ಥವಾಗದಿದ್ದರೂ ಬೆಳಿಗ್ಗೆ ಸಂಜೆ ಜಗಳ ತಪ್ಪುತ್ತಿರಲಿಲ್ಲ. ದೋಹಾದಲ್ಲಿ ಕೂತು ಇದನ್ನು ಲೈವ್ ನೋಡುವುದು ನನ್ನ ಗಂಡನಿಗೆ ಮಜಾ.

ಈಗ ಆ ಭಾನುವಾರಕ್ಕೆ ಬರುವ.

ಮದುವೆಯಿಂದ ಹೊರಟು ಬಸ್ಸಿಗೆ ಕಾಯುತ್ತಿದ್ದೆ. ಇನ್ನೂ ಬೆಳಕಿತ್ತು. ಹಮೀದಾಕನ ನಂಬರಿನಿಂದ ಫೋನ್. ಎತ್ತಿದರೆ ಲೀಲಕ್ಕನ ಸ್ವರ. ಏದುಸಿರು.

“ನಿಮ್ಮ ಸೆಕ್ಯುರಿಟಿ ಭಯ್ಯ ಹೊಂಡದಲ್ಲಿ ಬಿದ್ದಿದ್ದಾನೆ ಮಾರಾಯ್ರೆ! ಜೀವ ಉಂಟು, ಜೀವ ಉಂಟು. ನೀವು ಹೆದರ್ಬೇಡಿ. ಸೀದಾ ಬಂಟ್ವಾಳಕ್ಕೆ ಬನ್ನಿ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ.”

ಯಾವ ಹೊಂಡ? ಯಾವಾಗ? ಆಟೋ ಹಿಡಿದು ಹೋಗುವ ದಾರಿಯುದ್ದಕ್ಕೂ ನನ್ನ ಕಣ್ಣೆದುರು ಇದ್ದದ್ದು ಮೊಳೆಯಲ್ಲಿ ನೇತಾಡುವ ಆ ನೀಲಿ ಶರ್ಟು. ಅದನ್ನು ನೋಡಿಯೂ ನಾನು ಪಾಯಸ ಹಾಕಿಸಿಕೊಂಡಿದ್ದೆ.

ಆದದ್ದು ಇಷ್ಟು. ಭಾನುವಾರ, ಕೆಲಸದವರಿಗೆ ರಜೆ. ಬೆಳಿಗ್ಗೆ ಮಂಗಲ್ ಶರ್ಟು, ವಿಸಿಲ್ ಮೊಳೆಗೆ ತಗುಲಿಸಿ, ಫೋನನ್ನು ಶೆಡ್ಡಿನ ಬದಿಯಲ್ಲಿ ಚಾರ್ಜಿಗಿಟ್ಟು, ಟವೆಲ್ ಸುತ್ತಿಕೊಂಡು ಮನೆಯ ಹಿಂದೆ ಸ್ನಾನಕ್ಕೆ ಹೋಗಿದ್ದಾನೆ. ನೀರಿನ ಡ್ರಮ್ಮಿನ ಪಕ್ಕವೇ ಸೆಪ್ಟಿಕ್ ಟ್ಯಾಂಕಿಗೆ ತೋಡಿದ ಹೊಂಡ, ಅದರ ಮೇಲೆ ಒಂದು ಪ್ಲೈವುಡ್. ನೆನೆದು ನೆನೆದು ಹಪ್ಪಳವಾಗಿತ್ತು. ಕಾಲಿಟ್ಟದ್ದೇ ಒಳಗೆ. ಕಾಲು ಮುರಿಯಿತು, ತಲೆಗೂ ಪೆಟ್ಟಾಗಿ ಸ್ವಲ್ಪ ಹೊತ್ತು ಎಚ್ಚರ ತಪ್ಪಿತು. ಆಮೇಲೆ ಸ್ವರ ಬೀಳುವವರೆಗೆ ಕೂಗಿದ್ದಾನೆ. ಕೇಳುವವರು ಯಾರು? ಮೊದಲಾಗಿದ್ದರೆ ಭಾನುವಾರ ನಮ್ಮ ಸೈಟಿನಲ್ಲಿ ಜಾತ್ರೆ. ಮನೆ ನೋಡಲು ಬಂದವರಲ್ಲಿ ಒಬ್ಬರಾದರೂ ಹಿಂದೆ ಹೋಗಿ ಹೊಂಡದ ಆಳ ಸಾಲದೆಂದು ಹೇಳದೆ ಬಿಡುತ್ತಿರಲಿಲ್ಲ. ಅವರನ್ನೆಲ್ಲ ಮಂಗಲ್‌ನ ವಿಸಿಲೇ ಓಡಿಸಿತ್ತಲ್ಲ.

ಇನ್ನು ನಮ್ಮ ಕ್ಯಾಮೆರಾ? ಅದು ಗೇಟು, ಕುರ್ಚಿ, ಸಿಮೆಂಟು ಮೂರನ್ನೇ ನೋಡುತ್ತಿತ್ತು. ನಾವು ಹೇಳಿದ್ದೂ ಅದನ್ನೇ.

ಆಸ್ಪತ್ರೆಯ ಬೆಂಚಿನಲ್ಲಿ ಲೀಲಕ್ಕ ಕೂತಿದ್ದರು. ಸೀರೆಯೆಲ್ಲ ಕೆಂಪು ಮಣ್ಣು. “ಬೆಳಿಗ್ಗೆ ಹಾಲು ತಗೊಂಡು ಹೋಗುವಾಗ ವಿಸಿಲ್ ಇಲ್ಲ. ಹಾ, ಇವತ್ತು ಮಲಗಿದ್ದಾನೆ, ಒಳ್ಳೇದಾಯ್ತು ಅಂತ ಹೋದೆ,” ಎಂದರು. “ಸಂಜೆಯೂ ಇಲ್ಲ. ಗೇಟ್ ದಾಟಿದ ಮೇಲೆ ನಂಗೆ ಒಂಥರಾ ಆಯ್ತು. ಬೈಲಿಕ್ಕೆ ರೆಡಿಯಾಗಿ ಬಂದವಳು ನಾನು, ಯಾರಿಗೆ ಬೈಯುವುದು? ವಾಪಸ್ ಬಂದೆ. ಹುಷಾರಿಲ್ವೋ ಏನೋ ಅಂತ ಹಿಂದೆ ಹೋಗಿ ನೋಡಿದ್ರೆ, ದೇವರೇ!”

ಮತ್ತೆ ಅವರು ಕೂಗಿದ ಕೂಗಿಗೆ ಹಮೀದಾಕ ಅಂಗಡಿ ತೆರೆದಿಟ್ಟೇ ಏಣಿ ಹಿಡಿದು ಓಡಿ ಬಂದಿದ್ದಾರೆ. ಹಿಂದೆಯೇ ಬಸ್‌ಸ್ಟಾಪಿನಲ್ಲಿದ್ದವರು. ವಿಸಿಲ್ ಊದಿಸಿಕೊಂಡು ಹೋದವರೆಲ್ಲ ಹೊಂಡದ ಸುತ್ತ ಹಾಜರ್. ಜನ ಸೇರುವವರೆಗೆ ಲೀಲಕ್ಕ ಸೊಸೈಟಿಗೆ ಒಯ್ಯುತ್ತಿದ್ದ ಹಾಲನ್ನೇ ಬಾಟಲಿಗೆ ಸುರಿದು, ಹಗ್ಗ ಕಟ್ಟಿ ಕೆಳಗೆ ಇಳಿಸಿದರಂತೆ. ಇಡೀ ದಿನ ನೀರಿಲ್ಲದೆ ಬಿದ್ದವನು ಗಟಗಟ ಕುಡಿದನಂತೆ.

ಡಾಕ್ಟರು ಹೊರಗೆ ಬಂದು, “ತಲೆಯ ಪೆಟ್ಟು ಆಳ ಇಲ್ಲ, ಹೆದರುವಂಥದ್ದು ಏನೂ ಇಲ್ಲ. ಕಾಲಿಗೆ ಪ್ಲಾಸ್ಟರ್ ಹಾಕ್ತೇವೆ,” ಎಂದರು. ಅಬ್ಬ! ನಾನು ಲೀಲಕ್ಕನ ಮಣ್ಣಿನ ಕೈ ಹಿಡಿದುಕೊಂಡು ಅತ್ತೇಬಿಟ್ಟೆ. ಮದುವೆ ಸೀರೆಯಲ್ಲಿ, ಅಷ್ಟು ಜನರ ಎದುರು. ನಾಚಿಕೆಯೂ ಆಗಲಿಲ್ಲ. ದೋಹಾಕ್ಕೆ ಫೋನ್ ಮಾಡಿ, “ಅವ ಓಡ್ಲಿಲ್ಲ,” ಎಂದೆ. ಆದದ್ದನ್ನೆಲ್ಲ ಕೇಳಿ ತಿಳಿದುಕೊಂಡರು. ಆಮೇಲೆ, “ಅವನನ್ನು ಒಳ್ಳೇದು ಮಾಡಿ ಅಲ್ಲೇ ಇಟ್ಕೊಳ್ಳುವ. ಬೇರೆ ಯಾರೂ ಬೇಡ,” ಎಂದರು.

ನಮ್ಮ ಪಜೀತಿ ಕೇಳಿ, ಮನೆ ಕಟ್ಟಿಸುವ ಗೆಳತಿಯೊಬ್ಬಳು ಮೊನ್ನೆ ಬೆಳ್ತಂಗಡಿಯಿಂದ ಫೋನ್ ಮಾಡಿದ್ದಳು. “ಸೆಕ್ಯುರಿಟಿಗೆ ಯಾವುದು ಒಳ್ಳೇದು ಮಾರಾಯ್ತಿ, ಕ್ಯಾಮೆರಾವಾ, ಜನವಾ?” ಎರಡೂ ಇರಲಿ ಎಂದೆ. ಆದರೆ ಜನ ಬಂದ ಮೊದಲ ದಿನವೇ ಅವನನ್ನು ಕರೆದುಕೊಂಡು ಹೋಗಿ ಹತ್ತಿರದ ಅಂಗಡಿಯಲ್ಲಿ ಒಂದು ಚಹಾ ಕುಡಿಸು, ಹೆಸರು ಹೇಳಿ ಪರಿಚಯ ಮಾಡಿಸು. ಆಚೀಚೆ ಮನೆಯವರಿಗೂ ತೋರಿಸು. ಮತ್ತೆ ಹೊಂಡಕ್ಕೆ ಗಟ್ಟಿ ಮುಚ್ಚಳ ಹಾಕಿಸು, ಉಳಿದದ್ದೆಲ್ಲ ಆಮೇಲೆ. ಯಾರ ಗುರ್ತವೂ ಇಲ್ಲದವನನ್ನೇ ಹುಡುಕಿ ತಂದು ಕೂರಿಸಿದ್ದು ನಾವು. ಅವನು ಕಾಣೆಯಾದರೆ ಗುರ್ತ ಹಿಡಿದು ಹುಡುಕುವವರು ಯಾರು ಎಂಬ ಯೋಚನೆ ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ.

ಮಂಗಲ್ ಈಗ ವಾಪಸ್ ಬಂದಿದ್ದಾನೆ. ಸ್ವಲ್ಪ ಕುಂಟುತ್ತಾನೆ. ಹಮೀದಾಕ ಮತ್ತೆ ಮೆಟ್ಟಿಲಿನ ಬಗ್ಗೆ ಮಾತೆತ್ತಿದ್ದಾರೆ. ಕಾಲುದಾರಿಯೂ ತೆರೆದಿದೆ. ಆದರೂ ಲೀಲಕ್ಕ ಬಂದರೆ ಮಂಗಲ್ ವಿಸಿಲ್ ಊದಲೇಬೇಕು, ಅವರು ಬೈಯಲೇಬೇಕು. ಮೊನ್ನೆ ಅವನು ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದ. ಲೀಲಕ್ಕ ಹಾಲಿನ ಕ್ಯಾನ್ ಕೆಳಗಿಟ್ಟು, ಗೇಟಿನಲ್ಲೇ ನಿಂತು, “ಓ ಭಯ್ಯಾ!” ಎಂದು ಕೂಗಿದರು. ಅವನು ಕುಂಟುತ್ತಾ ಬಂದು ಊದಿದ ಮೇಲೆಯೇ ಮುಂದೆ ಹೋದರು.

ಈಗ ಹೇಳಿ, ನಮ್ಮ ಸೈಟಿನಲ್ಲಿ ಸೆಕ್ಯುರಿಟಿ ಯಾರು?