ಮಜ್ಜಿಗೆ ಚೆಲ್ಲದಂತೆ ಗೇರು

ಬೆಳಿಗ್ಗೆ ಬೂಟಿಗೆ ಪಾಲಿಶ್ ಹಾಕಲು ಕೂತಿದ್ದೆ. ಬಲಗಾಲಿನದು ಹೊಳೆಯಿತು. ಎಡಗಾಲಿನದರ ಮೂತಿಯ ಮೇಲಿನ ಮಾಸಲು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಗೇರಿನ ಬೈಕು ಓಡಿಸುವವರ ಎಡಗಾಲ ಬೂಟಿಗೆ ಈ ಕಲೆ ತಪ್ಪಿದ್ದಲ್ಲ. ಲಿವರನ್ನು ಎತ್ತಿ ಎತ್ತಿ ಅಲ್ಲಿ ಚರ್ಮ ಸವೆದಿರುತ್ತದೆ. ನನ್ನ ಹೆಂಡತಿ ಪದ್ಮ ಬಸದಿಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಬೂಟುಗಳನ್ನು ನೋಡಿಯೇ, "ಒಳಗೆ ಇನ್ನೂ ಇಬ್ರು ನಿಮ್ಮ ಜಾತಿಯೋರು ಇದಾರೆ ಕಣ್ರೀ" ಎನ್ನುತ್ತಿದ್ದಳು. ಅವಳ ಪ್ರಕಾರ ಲೋಕದಲ್ಲಿ ಇದ್ದದ್ದು ಎರಡೇ ಜಾತಿ: ಬೈಕಿನ ಹುಚ್ಚಿನವರು ಮತ್ತು ಬುದ್ಧಿಯಿರುವವರು.

ಪಾಲಿಶಿನ ಸಡಗರಕ್ಕೆ ಕಾರಣವಿತ್ತು. ಹಾಸನದ ಷೋರೂಮಿನವರು ಕ್ಲಚ್ಚೂ ಇಲ್ಲದ, ಗೇರು ಲಿವರೂ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ದೂರ ಪ್ರಯಾಣದ ಬೈಕೊಂದನ್ನು ನಾನು ಓಡಿಸಿ ನೋಡಲೆಂದು ನಮ್ಮ ಅರಸೀಕೆರೆಗೆ ತರುವವರಿದ್ದರು. ಒಂದು ವರ್ಷದಿಂದ ಕ್ಲಚ್ ಹಿಡಿದರೆ ನನ್ನ ಎಡಗೈ ಬೆರಳುಗಳು ಜೋಮು ಹಿಡಿಯುತ್ತವೆ. "ಇಲ್ಲ ಬೈಕ್ ಬಿಡಿ, ಇಲ್ಲ ಕ್ಲಚ್ ಬಿಡಿ" ಎಂದು ಡಾಕ್ಟರು ತೀರ್ಪು ಕೊಟ್ಟಿದ್ದಾರೆ. ಕೊಬ್ಬರಿ ಮಂಡಿಯಲ್ಲಿ ಕೂತು ಸೊಂಟ ಬಗ್ಗಿಸಿಕೊಂಡ ನನ್ನಂಥವನಿಗೆ ಬೈಕು ಬಿಟ್ಟರೆ ಉಳಿಯುವುದೇನು, ನೀವೇ ಹೇಳಿ.

ಒಂದು ಕಾಲದಲ್ಲಿ ಇಂಥ ಬೈಕಿನ ಹೆಸರೆತ್ತಿದರೆ ನಾನು ಉರಿದುಬೀಳುತ್ತಿದ್ದೆ. "ಗೇರಿಲ್ಲದ ಬೈಕು ಉಪ್ಪಿಲ್ಲದ ಸಾರು" ಎನ್ನುವುದು ನನ್ನ ಖಾಯಂ ಮಾತು. "ಉಪ್ಪು ಜಾಸ್ತಿಯಾದ್ರೂ ಬಾಯಿಗೆ ಇಡೋಕಾಗಲ್ಲ" ಎಂದು ಪದ್ಮ ಅಲ್ಲೇ ತಿರುಗಿಸಿ ಕೊಡುತ್ತಿದ್ದಳು. ಹಾಗೆನ್ನುವ ಹಕ್ಕು ಅವಳಿಗಿತ್ತು. ನಾನು ಒರಟಾಗಿ ಗೇರು ಹಾಕಿದಾಗಲೆಲ್ಲ ಅವಳ ಹೆಲ್ಮೆಟ್ಟು ಬಂದು ನನ್ನ ಹೆಲ್ಮೆಟ್ಟಿಗೆ 'ಟಕ್' ಎಂದು ಬಡಿಯುತ್ತಿತ್ತು. ಗೋಕರ್ಣಕ್ಕೆ ಹೋಗಿರಲಿ, ಊಟಿಗೆ ಹೋಗಿರಲಿ, ಮನೆಗೆ ಬಂದು ಇಳಿದ ಕೂಡಲೇ, "ಇವತ್ತು ತಲೆಗೆ ಬಿದ್ದ ಏಟಿಗೆ ಲೆಕ್ಕ ಇಲ್ಲ" ಎನ್ನುವುದು ಅವಳ ಪ್ರವಾಸದ ವರದಿ.

ಆದರೆ ಗೇರಿನ ಬಲವನ್ನು ಅವಳಷ್ಟು ದುಡಿಸಿಕೊಂಡವರೂ ಇಲ್ಲ. ಪದ್ಮ ಹಳೇಬೀಡಿನ ಬಸ್ತಿಹಳ್ಳಿಯ ಮಗಳು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಊಟ ಮಾಡುವಂತಿಲ್ಲ. ನಾನು ಈ ವಿಷಯದಲ್ಲಿ ಸ್ವಲ್ಪ ಸಡಿಲ. ರಾತ್ರಿ ಹೋಟೆಲಿನ ಮುಂದೆ ದೋಸೆಯ ವಾಸನೆ ಬಂದರೆ ನನ್ನ ಧರ್ಮ ಅಲ್ಲಾಡುತ್ತದೆ. ಅವಳದು ಕಟ್ಟುನಿಟ್ಟು. ಯಾವ ಊರಿನ ದಾರಿಯಲ್ಲೇ ಇರಲಿ, ಸಂಜೆಯಾಗುತ್ತಿದ್ದಂತೆ ಹಿಂದಿನಿಂದ ಭುಜ ಹಿಂಡಿ, "ಸೂರ್ಯ ಇಳೀತಾ ಇದಾನೆ, ನೀವೂ ಒಂದು ಗೇರ್ ಇಳ್ಸಿ, ಆ ಲಾರಿ ದಾಟ್ಸಿ" ಎನ್ನುತ್ತಿದ್ದಳು. ಇಳಿಸುತ್ತಿದ್ದೆ. ಬೈಕು ಗುಟುರು ಹಾಕಿ ಮುಂದೆ ನುಗ್ಗುತ್ತಿತ್ತು, ಹೆಲ್ಮೆಟ್ಟಿಗೆ ಟಕ್. ಬೆಳಕಿರುವಾಗಲೇ ಯಾವುದಾದರೂ ಹೋಟೆಲು ಸೇರಿ ಇಬ್ಬರೂ ಗಬಗಬನೆ ಉಣ್ಣುತ್ತಿದ್ದೆವು. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ.

ನಂತರ ಅವಳಿಗೆ ಕಾಯಿಲೆ ಬಂತು. ಬೆನ್ನುಮೂಳೆಗೆ ಹಬ್ಬಿತು. ಕೂತರೆ ನೋವು, ಎದ್ದರೆ ನೋವು, ಮಂಚ ಅಲ್ಲಾಡಿದರೂ ನೋವು. ವಾಸಿಯಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಾಗಿತ್ತು, ಇಬ್ಬರೂ ಬಾಯಿಬಿಡುತ್ತಿರಲಿಲ್ಲ. ಒಂದು ದಿನ ಅವಳೇ, "ಬಸ್ತಿಹಳ್ಳಿಗೆ ಹೋಗಿ ಒಂದ್ಸಲ ಸ್ವಾಮಿ ದರ್ಶನ ಮಾಡ್ಕೊಂಡು ಬರೋಣ" ಎಂದಳು. ಕಾರು ಮಾಡಿಸುತ್ತೇನೆ ಎಂದೆ.

"ಕಾರಲ್ಲಿ ಮಲಗಿಸ್ಕೊಂಡು ಹೋದ್ರೆ ರೋಗಿ ಬಂದ್ಲು ಅಂತಾರೆ. ಬೈಕಲ್ಲಿ ಹೋದ್ರೆ ಪದ್ಮ ಬಂದ್ಲು ಅಂತಾರೆ. ಬೈಕಲ್ಲೇ ಕರ್ಕೊಂಡ್ ಹೋಗ್ರೀ."

ಡಾಕ್ಟರನ್ನು ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದರೆಂದು ನಿಮಗೂ ಗೊತ್ತು. ನನ್ನ ಚಿಂತೆ ಒಂದೇ: ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು ತಲುಪುವಷ್ಟರಲ್ಲಿ ಅದೆಷ್ಟು ಸಲ ಗೇರು ಬದಲಿಸಬೇಕು! ಒಂದೊಂದು ಜಗ್ಗಿಗೂ ಅವಳ ಬೆನ್ನು ನೋಯುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆ. ಹಿತ್ತಾಳೆ ತಂಬಿಗೆಯ ತುಂಬ ಮಜ್ಜಿಗೆ ತುಂಬಿ, ಮುಚ್ಚಳ ಹಾಕದೆ ಹಿಂದಿನ ಸೀಟಿಗೆ ಕಟ್ಟಿಕೊಂಡು ಮಾಲೇಕಲ್ಲಿನ ರಸ್ತೆಯಲ್ಲಿ ಅಭ್ಯಾಸಕ್ಕೆ ಹೊರಟೆ. ನೀರೇ ಸಾಕಿತ್ತು, ಆದರೆ ಚೆಲ್ಲಿದ ನೀರು ಗಾಳಿಗೆ ಆರಿಹೋಗುತ್ತದೆ, ಮಜ್ಜಿಗೆ ಸಾಕ್ಷಿ ಬಿಡುತ್ತದೆ. ಮೊದಲ ದಿನ ತಂಬಿಗೆಯಲ್ಲಿ ಉಳಿದದ್ದು ಅರ್ಧ. ಸೀಟು, ಚಕ್ರ, ನನ್ನ ಷರಟಿನ ಬೆನ್ನು ಎಲ್ಲಕ್ಕೂ ಅಭಿಷೇಕವಾಗಿತ್ತು. ಎಳನೀರು ಮಾರುವವನೊಬ್ಬ, "ಏನ್ ಸಾಮಿ, ಮಜ್ಜಿಗೆ ಯಾಪಾರ ಶುರು ಮಾಡೀರಾ? ನಮ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡಿ" ಎಂದು ನಕ್ಕ. ನಾನೂ ನಕ್ಕೆ, ಸ್ವಲ್ಪ ದೂರ ಹೋಗಿ ಬೈಕು ನಿಲ್ಲಿಸಿ ಅತ್ತೆ.

ಆದರೆ ಕೈ ಕಾಲು ಕಲಿತವು. ಕ್ಲಚ್ಚನ್ನು ಪೂರ್ತಿ ಹಿಡಿಯಬಾರದು, ಆಕ್ಸಿಲರೇಟರನ್ನು ಪೂರ್ತಿ ಬಿಡಬಾರದು. ನಡುವೆ ಕೂದಲೆಳೆಯಷ್ಟು ಜಾಗವಿದೆ, ಅಲ್ಲಿ ಗೇರು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯುತ್ತದೆ. ಇಷ್ಟು ವರ್ಷ ಓಡಿಸಿದವನಿಗೆ ಅದು ತಿಳಿದದ್ದು ಆಗ. ಮಜ್ಜಿಗೆ ತುಳುಕದೆ ಮನೆಗೆ ಬಂದ ದಿನ ಪದ್ಮನೇ ಅದನ್ನು ಕುಡಿದು, "ಹುಳಿಯಾಗಿದೆ" ಎಂದಳು.

ಹೊರಟ ದಿನ ಜಾವಗಲ್ ದಾಟುವವರೆಗೂ ಅವಳು ಮಾತಾಡಲಿಲ್ಲ. ನೋವೇ ಇರಬೇಕೆಂದು ನನಗೆ ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹೆಲ್ಮೆಟ್ಟಿಗೆ 'ಟಕ್' ಎಂದಿತು. ನಾನು ಗೇರನ್ನೇ ಮುಟ್ಟಿರಲಿಲ್ಲ.

"ಏನಾಯ್ತೇ?"

"ಏನಿಲ್ಲ. ಆಗ್ಲಿಂದ ತಲೆ ತಾಗ್ಲೇ ಇಲ್ಲ. ಮುಂದೆ ಕೂತಿರೋರು ನೀವೇ ಹೌದೋ ಅಲ್ವೋ ಅಂತ ನೋಡ್ದೆ."

ಬಸದಿಯಲ್ಲಿ ಒಂದು ಕೈ ಕಂಬಕ್ಕೆ, ಒಂದು ಕೈ ನನಗೆ ಕೊಟ್ಟು ಬಹಳ ಹೊತ್ತು ಪಾರ್ಶ್ವನಾಥ ಸ್ವಾಮಿಯ ಎದುರು ನಿಂತಿದ್ದಳು. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ. ಹಿಂತಿರುಗುವಾಗ ಕೆರೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ನನ್ನ ಎಡಗಾಲು ಅಭ್ಯಾಸಬಲದಿಂದ ಲಿವರಿನ ಕಡೆ ಹೋಯಿತು. ಅವಳು ಭುಜದ ಮೇಲೆ ಕೈಯಿಟ್ಟು, "ನಿಧಾನ ಹೋಗ್ರೀ. ಇನ್ನು ಊಟದ ಆತುರ ಇಲ್ಲ" ಎಂದಳು. ಆಗಲೇ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಮುಂದಿನ ತಿಂಗಳು ಹೋಗಿಬಿಟ್ಟಳು.

ಇವತ್ತು ಷೋರೂಮಿನಿಂದ ಬೈಕು ತಂದವಳು ತಿಪಟೂರಿನ ಕಡೆಯ ಹುಡುಗಿ. ಬಟನ್ನು ತೋರಿಸಿ, "ಒಂದ್ ರೌಂಡ್ ಹೋಗ್ಬನ್ನಿ ಸಾರ್" ಎಂದಳು. ಮಾಲೇಕಲ್ಲಿನ ರಸ್ತೆಗೇ ಹೋದೆ. ಬೈಕು ತಾನಾಗಿ ಗೇರು ಏರಿಸಿಕೊಂಡಿತು, ಇಳಿಸಿಕೊಂಡಿತು. ಯಾವಾಗ ಬದಲಿಸಿತೆಂದೂ ತಿಳಿಯಲಿಲ್ಲ. ಹಿಂದೆ ಮಜ್ಜಿಗೆಯ ತಂಬಿಗೆ ಕಟ್ಟಿದ್ದರೆ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ನನಗೆ ಅದರ ಮೇಲೆ ಕೆಟ್ಟ ಸಿಟ್ಟು ಬಂತು. ಬರುವುದು ಬಂದೆ, ಅವಳಿರುವಾಗ ಬರಬಾರದಿತ್ತೇ ಎಂದು ಒಂದು ಯಂತ್ರದ ಜೊತೆ ಜಗಳವಾಡಿಕೊಂಡೇ ವಾಪಸ್ಸು ತಂದು ನಿಲ್ಲಿಸಿದೆ. ಕೈ ಮಾತ್ರ ನೋಯುತ್ತಿರಲಿಲ್ಲ. ತೆಗೆದುಕೊಳ್ಳುತ್ತೇನೆ ಎಂದೆ.

ಹುಡುಗಿಗೆ ಖುಷಿಯಾಯಿತು. "ಹಿಂದೆ ಅಮ್ಮಾವ್ರು ಕೂರ್ತಾರಲ್ವಾ ಸಾರ್? ಅವ್ರಿಗೆ ಬೆನ್ನಿಗೆ ಒರಗೋಕೆ ಒಂದು ದಿಂಬಿನ ಫಿಟ್ಟಿಂಗ್ ಬರತ್ತೆ, ತುಂಬಾ ಚೆನ್ನಾಗಿದೆ. ಅದು ಹಾಕ್ಸ್ಲಾ, ಬರೀ ಲಗೇಜ್ ಕ್ಯಾರಿಯರ್ ಸಾಕಾ?"

ಪದ್ಮ ಹೋದದ್ದು ಅರಸೀಕೆರೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಎಲ್ಲರೂ ಅಂದು ಮನೆಗೆ ಬಂದಿದ್ದವರೇ. ಹಾಗಾಗಿ ಇಲ್ಲಿಯವರೆಗೆ ನಾನಾಗಿ ಯಾರಿಗೂ ಬಾಯಿಬಿಟ್ಟು ಹೇಳುವ ಪ್ರಮೇಯವೇ ಬಂದಿರಲಿಲ್ಲ.

"ಕ್ಯಾರಿಯರ್ ಸಾಕಮ್ಮ," ಎಂದೆ. "ನಮ್ಮನೆಯವಳು ತೀರಿಕೊಂಡಳು."