ಬೀದಿಗೆ ಬಂದ ಗಾದಿ, ಬಾತುಕೊಂಡ ಶ್ವಾಸಕೋಶ

ಈ ಸಂಗತಿ ಬರೆಯಬೇಕೆಂದು ಕುಳಿತು ಎಷ್ಟು ವಾರ ಈ ಅಂಕಣಕ್ಕೆ ಬೇರೆ ಏನೇನೋ ಬರೆದು ಕಳಿಸಿದೆ ಎಂಬುದು ನಿಮಗೆ ಗೊತ್ತಿಲ್ಲ. ಒಮ್ಮೆ ಕೊತ್ತಂಬರಿ ಸೊಪ್ಪಿನ ಬಗ್ಗೆ ಕೂಡ ಬರೆದೆ! (ಅದನ್ನು ಮೆಚ್ಚಿ ನೀವು ಪತ್ರ ಹಾಕಿದಿರಿ. ನನಗೆ ನಾಚಿಕೆ ಇನ್ನೂ ಹೆಚ್ಚಾಯಿತು.) ಇವತ್ತು ತಪ್ಪಿಸಿಕೊಳ್ಳಲಾರೆ. ಹೋದ ವಾರ ಮೊಮ್ಮಗಳು ನನ್ನನ್ನು ಸಿಕ್ಕಿಸಿ ಹಾಕಿದಳು.

ಅವಳು ಮಿರಜದಲ್ಲಿ ಬಿ.ಎಸ್ಸಿ. ಓದುತ್ತಾಳೆ. ರಜೆಗೆ ಬಂದವಳು ಪಾಠ ಗಟ್ಟಿ ಮಾಡುತ್ತಿದ್ದಳು. ನಾನು ಮೆಟ್ರಿಕ್. ಸುಮ್ಮನಿರಲಾರದೆ ಏನದು ಎಂದು ಕೇಳಿದೆ.

“ಎಟಿಪಿ, ಅಜ್ಜಾ. ಜೀವಕೋಶದ ಇಂಧನ. ಒಳಗ ಇದ್ರ ಚಲೋ. ಕೋಶಕ್ಕ ಪೆಟ್ಟ ಬಿದ್ದು ಅದು ಹೊರಗ ಚೆಲ್ಲಿತಂದ್ರ, ಮೈಯಾಗಿನ ಕಾವಲುಗಾರ ಕೋಶ ಎಲ್ಲಾ ‘ಇಲ್ಲೇನೋ ಅನಾಹುತ ಆಗೇತಿ’ ಅಂತ ಎದ್ದು ಓಡಿ ಬರ್ತಾವ.”

“ಚಲೋ ಆತಲ್ಲ?”

“ಸ್ವಲ್ಪ ಬಂದ್ರ ಚಲೋ. ಶ್ವಾಸಕೋಶದಾಗ ಹಿಂಡುಗಟ್ಲೆ ಬಂದು ಗದ್ಲ ಮಾಡಿದ್ರ ಅದು ಬಾತು ಉಸಿರ ಕಟ್ತೈತಿ. ಕಾಯಾಕ ಬಂದವರೂ ಅವರ, ಹಾಳ ಮಾಡವರೂ ಅವರ.”

ಇದನ್ನು ನಾನು ನಮ್ಮೂರು ಬಿಳೂರಿನಲ್ಲಿ ಕಣ್ಣಾರೆ ನೋಡಿದ್ದೆ. ಪುಸ್ತಕ ಬರೆದವರಿಗೆ ನಮ್ಮ ಓಣಿ ತೋರಿಸಿದವರು ಯಾರು?

ತೊಂಬತ್ತರ ದಶಕದ ಮಾತು. ದಸ್ತಗೀರ್ ನನ್ನ ಬಾಲ್ಯದ ಗೆಳೆಯ, ಹತ್ತಿ ಹಿಂಜಿ ಗಾದಿ ತುಂಬುವವನು. ಅರ್ಧ ಬಿಳೂರು ಅವನು ತುಂಬಿದ ಗಾದಿಯ ಮೇಲೆಯೇ ಗೊರಕೆ ಹೊಡೆಯುತ್ತಿತ್ತು. ಅವನಿಗೆ ಮಾತ್ರ ನಿದ್ದೆಯಿಲ್ಲ. ಹತ್ತಿಯ ಧೂಳು ಎದೆಗೆ ಇಳಿದಿತ್ತು.

ಒಂದು ಬೆಳಿಗ್ಗೆ ಸೈಕಲ್ ಮೇಲೆ ಹೊರಟಿದ್ದೆ. ಅವನ ಮನೆ ಮುಂದೆ ಬೀದಿಯಲ್ಲಿ ಅವನ ಗಾದಿ, ದಿಂಬಿನ ಸಮೇತ ಸುತ್ತಿಟ್ಟದ್ದು ಬಿದ್ದಿತ್ತು. ಬಿಸಿಲಿಗೆ ಹಾಕುವ ಹಾಸಿಗೆಯನ್ನು ನಮ್ಮಲ್ಲಿ ಗೋಡೆಯ ಮೇಲೆ ಹರಡುತ್ತಾರೆ. ಸುತ್ತಿ ಬೀದಿಗೆ ಹಾಕುವುದು ಅದರ ಮೇಲೆ ಮಲಗಿದವನು ಇನ್ನು ಏಳುವುದಿಲ್ಲ ಎಂದಾಗ ಮಾತ್ರ. ಹಿಂದೂ, ಮುಸಲ್ಮಾನ ಯಾರೇ ಇರಲಿ, ಅದಕ್ಕೆ ಒಂದೇ ಅರ್ಥ.

ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಅವನದೇ. (ಈ ಎರಡು ಮಾತು ಬರೆಯಲು ಇಷ್ಟು ವರ್ಷ ಬೇಕಾಯಿತು.) ಇಳಿದು ಇಣುಕಬಹುದಿತ್ತು. ಇಳಿಯಲಿಲ್ಲ. ಸಾವಿನ ಸುದ್ದಿಯನ್ನು ಚಹಾದಂಗಡಿಗೆ ಮೊದಲು ತಲುಪಿಸಿದವನಿಗೆ ಸಿಗುವ ಮರ್ಯಾದೆ ಎಂಥದ್ದು ಗೊತ್ತೇ? ಬೆಂಚಿನ ಮೇಲೆ ಜಾಗ, ಬಸಿಯ ತುಂಬ ಚಹಾ, ಸುತ್ತ ಬಾಯಿ ತೆರೆದ ಮಂದಿ! ಪೆಡಲ್ ಜೋರಾಗಿ ತುಳಿದೆ.

“ದಸ್ತಗೀರ್ ಹ್ವಾದ,” ಅಂದೆ.

ಅರ್ಧ ಗಂಟೆಯಲ್ಲಿ ಅವನ ಒಂದೇ ಕೋಣೆಗೆ ಓಣಿಯೇ ನುಗ್ಗಿತು. ಸಾವಿನ ಮನೆಯೆಂದು ಯಾರೋ ಲೋಬಾನದ ಹೊಗೆ ಹಾಕಿದರು. ದಸ್ತಗೀರ್ ಮಂಚದ ಮೇಲೆ ಎದ್ದು ಕುಳಿತ.

“ಯಾರ ಸತ್ತಾರೋ?”

“ನೀನ ಅಂತಲ್ಲೋ!”

ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಏದುಸಿರಾಯಿತು. ತುಟಿ ನೀಲಿಗಟ್ಟಿತು. “ಹೊರಗ ನಡೀರಿ, ಗಾಳಿ ಬಿಡ್ರಿ!” ಎಂದು ಅವನ ಹೆಂಡತಿ ಕೂಗಿದರು. ಯಾರು ಹೋಗುತ್ತಾರೆ? ಎಲ್ಲರೂ ಸಹಾಯಕ್ಕೆ ಬಂದವರೇ! ಒಬ್ಬ ಬೆನ್ನು ತಿಕ್ಕಿದ, ಒಬ್ಬ ನೀರು ಕುಡಿಸಿದ, ಲೋಬಾನದವನು ಇನ್ನೊಂದು ಹಿಡಿ ಹಾಕಿದ. ಯಾರದೋ ಜೀಪಿನಲ್ಲಿ ಜತ್ತಿನ ಆಸ್ಪತ್ರೆಗೆ ಒಯ್ದು ಆಕ್ಸಿಜನ್ ಹಚ್ಚಿಸಿದ ಮೇಲೆ ಜೀವ ಉಳಿಯಿತು.

ಅವನು ಮನೆಗೆ ಮರಳಿದ ಮೇಲೆ ಹೋಗಿ ತಪ್ಪಾಯಿತು ಅಂದೆ. “ಬಿಡೋ ದೋಸ್ತ. ನನ್ನ ಮಯ್ಯತ್‌ಗಿ ಮಣ್ಣ ಕೊಡಾಕ ಎಷ್ಟ ಮಂದಿ ಬರ್ತಾರಂತ ಜೀವಂತ ಇದ್ದಾಗನ ನೋಡಿದ್ನಿ!” ಅಂದ. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಅವನಿನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಊರ ಹಿರಿಯರು ವಿಚಾರಣೆಗೆ ಕುಳಿತಿದ್ದರು. “ಸುಳ್ಳ ಸುದ್ದಿ ಹಬ್ಬಿಸಿದವ ಯಾವ?” ನಾನು ಕೆಮ್ಮಿನ ಮಾತು ನುಂಗಿಕೊಂಡೆ. “ಗಂಡನ ಗಾದಿ ಸುತ್ತಿ ಬೀದಿಗಿ ಹಾಕಿದ್ರ ಮಂದಿ ಏನ ತಿಳೀಬೇಕ್ರಿ?” ಅಂದೆ. ಎಲ್ಲರೂ ಆ ಹೆಂಗಸಿನ ಕಡೆ ತಿರುಗಿದರು.

“ಹತ್ತಿ ಗಾದಿ ಅವರ ಸಮೀಪ ಇಡಬ್ಯಾಡ್ರಿ ಅಂತ ಡಾಕ್ಟರ್ ಹೇಳಿದ್ರು. ಗ್ವಾಡಿ ಮ್ಯಾಲ ಹರವಿದ್ರ ಧೂಳ ಮತ್ತ ಒಳಗ ಬರ್ತೈತ್ರಿ,” ಎಂದರು.

ಆ ದಿನ ಇಡೀ ಊರಿನಲ್ಲಿ ಅವನ ಶ್ವಾಸಕೋಶದ ಹಿತ ನೋಡಿದ್ದು ಅವರೊಬ್ಬರೇ. ಕೇಳಿದವರು ಯಾರು? ‘ಜೀವಂತ ಗಂಡನ ಹಾಸಿಗಿ ಹೊರಗ ಹಾಕಿದಾಕಿ’ ಎಂಬ ಹೆಸರು ಅಂಟಿತು. ಮದುವೆಮನೆಯಲ್ಲಿ ಮದುಮಗಳಿಗೆ ಬಳೆ ತೊಡಿಸಲು ಮುತ್ತೈದೆಯರ ಸಾಲಿನಲ್ಲಿ ಅವರನ್ನು ಕರೆಯುವುದು ನಿಂತಿತು. ಕರೆಯದವರಲ್ಲಿ ನಮ್ಮ ಮನೆಯೂ ಒಂದು.

ಇಷ್ಟನ್ನೂ ಕೇಳಿದ ಮೊಮ್ಮಗಳು ಪುಸ್ತಕ ಮಡಚಿದಳು.

“ಹೊರಗ ಚೆಲ್ಲಿದ ಎಟಿಪಿ ಒರಸಿ ತಗ್ಯಾಕ ಮೈಯಾಗ ವ್ಯವಸ್ಥಾ ಇರ್ತೈತಿ ಅಜ್ಜಾ. ನೀವೇನ ಒರಸಿದ್ರಿ?”

ಮರುದಿನವೇ ದಸ್ತಗೀರನ ಮನೆಗೆ ಹೋದೆ. “ಬರ್ರಿ, ಕುಂದ್ರಿ, ಭಾಳ ದಿನಾ ಆತು,” ಎಂದು ಅವನ ಹೆಂಡತಿ ಚಹಾ ಕೊಟ್ಟರು. ಕುಡಿದೆ. ಮಳೆಯ ಬಗ್ಗೆ ಮಾತಾಡಿದೆ. ಎದ್ದು ಬಂದೆ.

ಆಗದ ಸಾವನ್ನು ಊರಿಗೆಲ್ಲ ಸಾರಿದ ಈ ನಾಲಿಗೆಗೆ “ತಪ್ಪಾಯಿತು” ಎನ್ನಲು ಏನು ಧಾಡಿಯಾಗಿತ್ತು, ಜುಬೇದಾ ಭಾಬಿ?