ಕಿರೀಟ ಕೊಡುವ ಬಗೆ

ಗರಾಜಿಗೆ ಕಾಲಿಟ್ಟರೆ ಇವತ್ತೂ ಬಂಗಾರದ ಬಣ್ಣದ ವಾಸನೆ. ಮೊಮ್ಮಗಳು ತನ್ವಿ ಶಾಲೆಯ ನಾಟಕಕ್ಕೆಂದು ರಟ್ಟಿನ ಕಿರೀಟ ಮಾಡಿ, ಬಣ್ಣ ಹೊಡೆದು, ನನ್ನ ಕಾರಿನ ಬಾನೆಟ್ಟಿನ ಮೇಲೆ ಒಣಗಲು ಇಟ್ಟಿದ್ದಳು. ಅಲ್ಲಿ ಬಳೆಯಂಥ ಗುರುತು ಬಿದ್ದಿದೆ. ಬಿದ್ದಿರಲಿ, ಕಾರು ಅಲುಗಾಡಿ ಬಹಳ ದಿನವಾಯಿತು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೂ ಅಮೆರಿಕದ ಈ ಫ್ಲವರ್ ಮೌಂಡ್ ಊರಿಗೆ, ಮಗಳ ಮನೆಗೆ, ಬಂದ ಮೇಲೆ ಕಾರು ಕಲಿತೆ. ಶುಕ್ರವಾರ ಗೆಳತಿಯರಿಬ್ಬರನ್ನು ಕೂರಿಸಿಕೊಂಡು ಇರ್ವಿಂಗ್‌ನ ಗುಡಿಗೆ ಹೋಗುತ್ತಿದ್ದವಳು ನಾನೇ. ಕೀಲಿ ಸದಾ ಸೆರಗಿನ ಗಂಟಿನಲ್ಲಿ. ಈ ವರ್ಷ ಕಣ್ಣು ಮಂಜಾಗಿ ಪಕ್ಕದ ಮನೆಯ ಅಂಚೆಪೆಟ್ಟಿಗೆ ಉರುಳಿಸಿದೆ. ಡಾಕ್ಟರು ಇನ್ನು ಸಾಕು ಅಂದರು. ಗುಡಿಯೂ ನಿಂತಿತು. “ಅವ್ವ, ಕೀಲಿ ಕೊಡವ್ವ” ಎಂದು ಮಗಳು ಸುಮಾ ಕೇಳತೊಡಗಿದಳು. “ಕೊಡ್ತೀನ್ ತಡಿ” ಅನ್ನುತ್ತಲೇ ಇದ್ದೆ. ಸೀರೆ ಬದಲಾದರೂ ಗಂಟು ಹೊಸ ಸೆರಗಿಗೆ ದಾಟುತ್ತಿತ್ತು.

ನಾಟಕ ಇಂಗ್ಲೆಂಡಿನ ರಾಜರದ್ದು. ಎಲಿಜಬೆತ್ ಎಂಬ ರಾಣಿಯ ಕಾಲದಲ್ಲಿ ಬರೆದದ್ದಂತೆ. ಕಥೆ ಮಾತ್ರ ಅವಳ ಮುತ್ತಜ್ಜನಿಗೂ ಹಿಂದಿನವರದು. ಬದುಕಿದ್ದ ರಾಣಿಯ ಮೇಲೆ ಬರೆದರೆ ತಲೆ ಉಳಿಯುತ್ತಿತ್ತೇ, ನೀವೇ ಹೇಳಿ. ಸತ್ತವರನ್ನು ಹಿಡಿದಿದ್ದಾನೆ ನಾಟಕ ಬರೆದ ಪುಣ್ಯಾತ್ಮ. ತನ್ವಿಯದು ರಾಜನ ಪಾತ್ರ. ದಾಯಾದಿ ಸೈನ್ಯ ಕಟ್ಟಿಕೊಂಡು ಬರುತ್ತಾನೆ, ರಾಜ ಎಲ್ಲರೆದುರು ಕಿರೀಟ ಒಪ್ಪಿಸಬೇಕು. ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗ ಅವಳು ಅದನ್ನು ಚಪಾತಿ ಡಬ್ಬಿ ದಾಟಿಸಿದಂತೆ ನನ್ನ ಕೈಗಿಟ್ಟಳು.

“ಏನವ್ವ, ರಾಜ್ಯಾನ ಹೊಂಟೈತಿ, ನಿನ್ನ ಮುಖದಾಗ ಏನೂ ಇಲ್ಲ!”

“ಐ ನೋ, ಅಜ್ಜಿ! ಟೀಚರ್ ಕೂಡ ಅದೇ ಅಂದ್ರು. ಹೆಂಗ್ ಮಾಡ್ಲಿ?”

ನನಗೆ ಅತ್ತೆ ನೆನಪಾದರು. ಹುಬ್ಬಳ್ಳಿಯಲ್ಲಿ ನಮ್ಮದು ಖಾನಾವಳಿ. ಉಗ್ರಾಣದ ಕೀಲಿ ಅವರ ಸೆರಗಿನಲ್ಲಿ. ಮೊಣಕಾಲು ಸೋತ ಮೇಲೆ ಒಂದು ದಿನ, ಊಟಕ್ಕೆ ಕೂತ ಗಿರಾಕಿಗಳ ಎದುರೇ ನನ್ನನ್ನು ಕರೆದು, “ತಗೋ, ಇನ್ನ ನೀನ ನೋಡ್ಕೋ” ಎಂದು ಸೆರಗು ಚಾಚಿದರು. ಗಂಟು ಬಿಚ್ಚಿರಲಿಲ್ಲ. ನಾನು ಬಿಚ್ಚಲು ಹೋದರೆ ಸೆರಗು ಹಿಂದಕ್ಕೆ ಜಗ್ಗುತ್ತಿತ್ತು. ಬಾಯಿ ಕೊಡುತ್ತಿದೆ, ಕೈ ಕೊಡುತ್ತಿಲ್ಲ. ಅಳಲಿಲ್ಲ ಅವರು; “ಉಗುರಿಲ್ಲೇನ ನಿನಗ?” ಎಂದು ನನ್ನನ್ನೇ ಬೈದರು. ಗಿರಾಕಿಗಳು ನಕ್ಕರು. ನಾನೂ ಒಳಗೊಳಗೇ ನಕ್ಕೆ. ಸೊಸೆಯಂದಿರಿಗೆ ಅಂಥ ಸುಖ ಸಿಗುವುದು ಅಪರೂಪ.

ಇದಿಷ್ಟೂ ಹೇಳಿದೆ. ತನ್ವಿ ಅತ್ತೆಯ ಹಾಗೆ ಗದ್ದ ಎತ್ತಿ, ಕೊಟ್ಟೂ ಕೊಡದಂತೆ ಹಿಡಿಯುವುದನ್ನು ಕಲಿತಳು. ನಾಟಕದ ದಿನ ಆ ಹಳೆಯ ಇಂಗ್ಲಿಷು ನನಗೆ ಒಂದಕ್ಷರ ತಿಳಿಯಲಿಲ್ಲ. ಓದಿದ ಸುಮಾಗೂ ಅಷ್ಟಕ್ಕಷ್ಟೇ. ಆದರೆ ರಾಜ ಕಿರೀಟ ಚಾಚಿ ಬೆರಳು ಬಿಡದೆ ನಿಂತಾಗ ಸಭೆಯೆಲ್ಲ ರಾಜನನ್ನೇ ನೋಡಿತು. ನಾನು ನೋಡಿದ್ದು ದಾಯಾದಿಯಾಗಿದ್ದ ಹುಡುಗನನ್ನು. ಕಿರೀಟ ಕೈಗೆ ಬಂದ ಮೇಲೆ ಏನು ಮಾಡಬೇಕೆಂದು ತೋಚದೆ ಬೆಪ್ಪಾಗಿ ನಿಂತಿದ್ದ. ಪಕ್ಕಕ್ಕೆ ತಿರುಗಿದೆ. ಸುಮಾ ನನ್ನ ಸೆರಗಿನ ಗಂಟನ್ನೇ ನೋಡುತ್ತಿದ್ದಳು, ಆ ಹುಡುಗನದೇ ಮುಖ. ಅವಳಿಗೂ ಆ ಕೀಲಿ ಬೇಕಿರಲಿಲ್ಲ. ಯಾರಾದರೂ ಕೇಳಲೇಬೇಕಿತ್ತು, ಅಷ್ಟೆ.

ಇವತ್ತು ಶುಕ್ರವಾರ. ಬಣ್ಣದ ವಾಸನೆಯ ನಡುವೆ ನಿಂತು ಸುಮಾಳನ್ನು ಕರೆದೆ. ಗಂಟು ಬಿಗಿದು ಕೂತಿತ್ತು ಹಾಳಾದ್ದು, ಹಲ್ಲು ಹಚ್ಚಬೇಕಾಯಿತು.

“ನಾ ಬಿಚ್ಚಲೇನವ್ವ?”

“ಮುಟ್ಟಬ್ಯಾಡ. ಕೊಡಾಕಿ ನಾನು.”

ಅವಳ ಅಂಗೈಯಲ್ಲಿ ಕೀಲಿ ಇಟ್ಟೆ. ರೂಢಿಯಂತೆ ಡ್ರೈವರ್ ಬಾಗಿಲಿಗೇ ಹೋಗಿ ನಿಂತಿದ್ದೆ. ಕಾರು ಸುತ್ತಿ ಆಚೆ ಬದಿಗೆ ಹೋಗಿ ಕೂತೆ, ಸುಮಾ ಕಾರು ಹೊರಡಿಸಿದಳು. ಗೆಳತಿಯರ ಮನೆ ಬರುವವರೆಗೂ ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.